ಚಾರ್ಮಾಡಿಯ ನೆತ್ತಿಯಲ್ಲಿ ಡಿಜಿಪೀಟರ್: ನನ್ನ ಅನುಭವ

ಚಾರ್ಮಾಡಿ ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ಕೈಕೊಡುವ ತಿರುವುಗಳು ಆ ದಾರಿಯಲ್ಲಿ ಓಡಾಡಿದವರಿಗೆಲ್ಲ ಗೊತ್ತು. ನಮ್ಮ ಹವ್ಯಾಸಿಗಳ ಹ್ಯಾಮ್ ರೇಡಿಯೋದ ಎಪಿಆರ್‌ಎಸ್ ಕೂಡ ಅಲ್ಲಿ ಮೂಕವಾಗುತ್ತಿತ್ತು. ಅಮೆರಿಕದ ಬಾಬ್ ಬ್ರುನಿಂಗಾ ರೂಪಿಸಿದ ಈ ವ್ಯವಸ್ಥೆಯಲ್ಲಿ ವಾಹನ ಎಲ್ಲಿದೆ, ಮಳೆ ಎಷ್ಟು ಬಿತ್ತು ಎಂಬ ಮಾಹಿತಿ, ಚುಟುಕು ಸಂದೇಶ, ಎಲ್ಲವೂ ಪುಟ್ಟ ಪ್ಯಾಕೆಟ್‌ಗಳಾಗಿ ಹೋಗುತ್ತವೆ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಘಾಟಿಯೇ ಮುಚ್ಚಿದಾಗಿನಿಂದ, ಇಲ್ಲೊಂದು ಡಿಜಿಪೀಟರ್, ಅಂದರೆ ಪ್ಯಾಕೆಟ್ ಕೇಳಿ ಮರಳಿ ಬಿಡುವ ಮರುಪ್ರಸಾರ ಕೇಂದ್ರ, ಬೇಕೇ ಬೇಕು ಎಂಬುದು ನನ್ನ ಹಟ. ಅನುಮತಿಯ ಕಾಗದಪತ್ರ ಮುಗಿಸಿಕೊಂಡು, ಕೊಟ್ಟಿಗೆಹಾರದ ಬಳಿ ಪರಿಚಿತರ ಕಾಫಿ ತೋಟದಲ್ಲಿ ಕಂಬ ನೆಟ್ಟೆ.

ಎತ್ತರದ ಲೆಕ್ಕ ಸರಳ. ಅಂಟೆನಾದ ಎತ್ತರವನ್ನು ಮೀಟರ್‌ಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೋ ದಿಗಂತ ಕಿಲೋಮೀಟರ್‌ಗಳಲ್ಲಿ ಸಿಗುತ್ತದೆ. ಕೈಯಲ್ಲಿ ಹಿಡಿದ ಸೆಟ್‌ಗೆ ಬಯಲಿನಲ್ಲಿ ಐದಾರು ಕಿಲೋಮೀಟರ್. ಬಯಲಿಗಿಂತ 900 ಮೀಟರ್ ಮೇಲಿರುವ ಅಂಟೆನಾಕ್ಕೆ 120ಕ್ಕೂ ಹೆಚ್ಚು. ಅಡ್ಡ ನಿಂತ ಗುಡ್ಡಗಳು ಇದರಲ್ಲಿ ಎಷ್ಟು ಕತ್ತರಿಸುತ್ತವೆ ಎಂಬುದು ನಡೆದು ನೋಡಿದಾಗಲೇ ತಿಳಿಯುವುದು.

ಧ್ವನಿಯ ರಿಪೀಟರ್ ಎರಡು ಆವರ್ತನಗಳಲ್ಲಿ ಏಕಕಾಲಕ್ಕೆ ಕೇಳುತ್ತ ಹೇಳುತ್ತದೆ, ಅದಕ್ಕೆ ಭಾರದ ಫಿಲ್ಟರ್‌ಗಳು ಬೇಕು. ಡಿಜಿಪೀಟರ್ ಇಡೀ ಪ್ಯಾಕೆಟ್ ಕೇಳಿ, ದೋಷವಿಲ್ಲವೆಂದು ಖಚಿತಪಡಿಸಿಕೊಂಡು, ಅದೇ ಆವರ್ತನದಲ್ಲಿ ಮರಳಿ ಬಿಡುತ್ತದೆ. ಒಂದು ರೇಡಿಯೋ, ಒಂದು ಅಂಟೆನಾ, ಡೈರ್‌ವುಲ್ಫ್ ತಂತ್ರಾಂಶ ಓಡಿಸುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಒಂದು ಸಾಕು. ಆದರೆ ಬೆಲೆ ತೆರುವುದು ಸಮಯದಲ್ಲಿ. ಸೆಕೆಂಡಿಗೆ 1200 ಬಿಟ್ ವೇಗದಲ್ಲಿ 100 ಬೈಟ್‌ಗಳ ಪ್ಯಾಕೆಟ್‌ಗೆ, ರೇಡಿಯೋ ಎಚ್ಚರಗೊಳ್ಳುವ ಕ್ಷಣವೂ ಸೇರಿ, ಸುಮಾರು ಒಂದು ಸೆಕೆಂಡ್ ಹಿಡಿಯುತ್ತದೆ. ಮರುಪ್ರಸಾರವಾದರೆ ಎರಡು.

ತೊಡಕು ಇಷ್ಟಕ್ಕೇ ನಿಲ್ಲುವುದಿಲ್ಲ. ಉಜಿರೆಯ ಕಾರಿಗೂ ಮೂಡಿಗೆರೆಯ ಮನೆಗೂ ಒಂದರ ಸದ್ದು ಇನ್ನೊಂದಕ್ಕೆ ಕೇಳಿಸದು. ಎರಡೂ ಚಾನೆಲ್ ಖಾಲಿಯಿದೆಯೆಂದು ಒಟ್ಟಿಗೇ ಪ್ರಸಾರ ಮಾಡುತ್ತವೆ; ನೆತ್ತಿಯ ಮೇಲಿರುವ ಡಿಜಿಪೀಟರಿಗೆ ಎರಡೂ ತಲುಪಿ ಎರಡೂ ಕೆಡುತ್ತವೆ. ಹೀಗೆ ಪರಸ್ಪರ ಕೇಳಿಸದ ಕೇಂದ್ರಗಳು ಮನಬಂದಂತೆ ಪ್ರಸಾರ ಮಾಡಿದರೆ ಚಾನೆಲ್ ಸಮಯದ ಹೆಚ್ಚೆಂದರೆ ಶೇಕಡಾ 18ರಷ್ಟೇ ಫಲ ಕೊಡುತ್ತದೆ ಎಂಬುದು ಹವಾಯಿಯ ಹಳೆಯ ರೇಡಿಯೋ ಪ್ಯಾಕೆಟ್ ಜಾಲವಾದ ಅಲೋಹಾದ ಕಾಲದ ಲೆಕ್ಕ. ಅಂದರೆ ನಿಮಿಷಕ್ಕೆ ಹತ್ತು ಹನ್ನೊಂದು ಪ್ಯಾಕೆಟ್, ಮರುಪ್ರಸಾರ ಸೇರಿಸಿದರೆ ಅದರ ಅರ್ಧ. ಆದ್ದರಿಂದ ಪ್ರತಿ ಗುಡ್ಡಕ್ಕೊಂದು ಡಿಜಿಪೀಟರ್ ಎಂಬ ಉತ್ಸಾಹವನ್ನು ನಾನು ಒಪ್ಪುವುದಿಲ್ಲ. ವ್ಯಾಪ್ತಿ ಹಿಗ್ಗಿದಷ್ಟೂ ಗದ್ದಲವೂ ಹಿಗ್ಗುತ್ತದೆ.

ತನ್ನನ್ನು ಯಾವ ಕೇಂದ್ರಗಳು, ಎಷ್ಟು ಬಾರಿ ಮರುಪ್ರಸಾರ ಮಾಡಬೇಕೆಂಬ ಗುರುತನ್ನು ಪ್ರತಿ ಪ್ಯಾಕೆಟ್ ಹೊತ್ತು ತರುತ್ತದೆ. ನೆತ್ತಿಯ ಕೇಂದ್ರವನ್ನು ವೈಡ್ 1 ಮತ್ತು ವೈಡ್ 2 ಎಂಬ ಎರಡೂ ಗುರುತುಗಳಿಗೆ ಉತ್ತರಿಸುವಂತೆ ಇಟ್ಟೆ. ತಗ್ಗಿನ ಮನೆಯಲ್ಲಿರುವ ಸಣ್ಣ ಪೂರಕ ಕೇಂದ್ರ, ಒಂದೇ ಬಾರಿ ಸಾಗಿಸಿ ಎನ್ನುವ ವೈಡ್ 1-1ಕ್ಕೆ ಮಾತ್ರ. ಒಮ್ಮೆ ಸಾಗಿಸಿದ ಪ್ಯಾಕೆಟ್ 30 ಸೆಕೆಂಡಿನೊಳಗೆ ಮತ್ತೆ ಕೇಳಿಸಿದರೆ ತಂತ್ರಾಂಶ ಅದನ್ನು ಬಿಟ್ಟುಬಿಡುತ್ತದೆ. ವಾಹನದ ಟ್ರ್ಯಾಕರ್‌ಗಳ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ದಿಕ್ಕು ಬದಲಾದಾಗಲೆಲ್ಲ ಸ್ಥಾನ ಕಳಿಸುವ ಸ್ಮಾರ್ಟ್ ಬೀಕನಿಂಗ್ ಹೆದ್ದಾರಿಗೆ ಚೆನ್ನ; ಘಾಟಿಯ ಹೇರ್‌ಪಿನ್ ತಿರುವುಗಳಲ್ಲಿ ಅದು ಬಿಡುವಿಲ್ಲದೆ ಪ್ರಸಾರ ಮಾಡುತ್ತದೆ. ಎರಡು ತಿರುವು ಸಂದೇಶಗಳ ನಡುವಿನ ಕನಿಷ್ಠ ಅಂತರವನ್ನು ಒಂದು ನಿಮಿಷಕ್ಕೆ ಏರಿಸಿ ಎಂದು ಗೆಳೆಯರನ್ನೆಲ್ಲ ಕೇಳಿಕೊಂಡೆ.

ಅಂಟೆನಾ ಎಂದರೆ ಹೆಚ್ಚು ಗೇನ್, ಅಂದರೆ ಶಕ್ತಿಯನ್ನು ಒಂದು ಕಡೆಗೆ ಕೂಡಿಸುವ ಗುಣ, ಎಂದೇ ಹಲವರ ನಂಬಿಕೆ. ಹಲವು ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿದ ಉದ್ದನೆಯ ಕೊಲಿನಿಯರ್ ಅಂಟೆನಾ ತನ್ನ ಶಕ್ತಿಯನ್ನು ದಿಗಂತದತ್ತ ಕಿರಿದಾಗಿ ಚೆಲ್ಲುತ್ತದೆ, ಕಾಲಬುಡದ ಕಣಿವೆ ಕತ್ತಲಲ್ಲೇ ಉಳಿಯುತ್ತದೆ. ನನಗೆ ಆ ಕಣಿವೆಯೇ ಮುಖ್ಯ. ಹಿತ್ತಾಳೆ ಕಡ್ಡಿಯ, ಸುಮಾರು ಅರ್ಧ ಮೀಟರಿನ ಕಾಲು ತರಂಗದ ಗ್ರೌಂಡ್‌ಪ್ಲೇನ್ ಎಂಬ ಸರಳ ಅಂಟೆನಾ ಕಟ್ಟಿದೆ. ತೆಳ್ಳನೆಯ ಆರ್‌ಜಿ-58 ಕೇಬಲ್, ಸುಮಾರು ಎರಡು ಮೀಟರ್ ತರಂಗಾಂತರದ ನಮ್ಮ ಆವರ್ತನದಲ್ಲಿ, 100 ಮೀಟರಿಗೆ ಸುಮಾರು 20 ಡೆಸಿಬಲ್ ನುಂಗುವುದರಿಂದ ರೇಡಿಯೋವನ್ನು ಕಂಬದಲ್ಲೇ, ಜಲನಿರೋಧಕ ಪೆಟ್ಟಿಗೆಯಲ್ಲಿಟ್ಟೆ.

ವಿದ್ಯುತ್ ತಿನ್ನುವುದು ಪ್ರಸಾರವಲ್ಲ, ಹಗಲಿರುಳು ಕಿವಿಗೊಡುವ ಕೆಲಸ. ರೇಡಿಯೋ ಮತ್ತು ಪೈ ಸೇರಿ 5 ವ್ಯಾಟ್ ಎಂದರೂ ದಿನಕ್ಕೆ 120 ವ್ಯಾಟ್-ಅವರ್. 12 ವೋಲ್ಟಿನ, 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಬಿಸಿಲೇ ಇಲ್ಲದಿದ್ದರೂ ಹತ್ತು ದಿನ ತಳ್ಳುತ್ತದೆ. ಸೌರಫಲಕವನ್ನು ಜುಲೈ ತಿಂಗಳ ಮೋಡ ನೋಡಿ ಆರಿಸಬೇಕು, ಮಾರ್ಚ್‌ನ ಬಿಸಿಲು ನೋಡಿ ಅಲ್ಲ. ಕಂಬಕ್ಕೆ ಗಟ್ಟಿ ಅರ್ಥಿಂಗ್, ಕೇಬಲ್ಲಿಗೆ ಸಿಡಿಲು ನಿರೋಧಕ ಇಲ್ಲದೆ ಏಪ್ರಿಲ್-ಮೇ ತಿಂಗಳ ಗುಡುಗಿಗೆ ಇದನ್ನು ಒಡ್ಡಬಾರದು.

ಈಗ ಉಜಿರೆಯಿಂದ ಏರುವ ಗಾಡಿ ನೆತ್ತಿ ದಾಟುವವರೆಗೆ ಬಹುಪಾಲು ತಿರುವುಗಳಲ್ಲಿ ಕಾಣಿಸುತ್ತದೆ. ಕಾಣದೆ ಉಳಿದಿರುವುದು ಬಂಡೆಗೆ ಆತುಕೊಂಡ ಕೆಲವು ತುಂಡುಗಳು. ಅವಕ್ಕೆ ಬೆಳ್ತಂಗಡಿ ಕಡೆಯಿಂದ ಘಾಟಿಗೆ ಮುಖಮಾಡಿ ಬರೀ ಕೇಳುವ, ಕೇಳಿದ್ದನ್ನು ಇಂಟರ್‌ನೆಟ್ಟಿಗೆ ದಾಟಿಸುವ ಐಗೇಟ್ ಒಂದನ್ನು ಇಡಲಿದ್ದೇನೆ. ಅದು ಚಾನೆಲ್‌ನ ಒಂದು ಸೆಕೆಂಡನ್ನೂ ಬಳಸುವುದಿಲ್ಲ.