ಸುರಬಾಯಾದಲ್ಲಿ ಎರಡು ದಿನ ಉಳಿಯಿರಿ

ಬ್ರೋಮೊ ಜ್ವಾಲಾಮುಖಿ ನೋಡಲು ಇಂಡೊನೇಷ್ಯಾದ ಪೂರ್ವ ಜಾವಾಕ್ಕೆ ಹೋಗುವವರು ಸುರಬಾಯಾದಲ್ಲಿ ವಿಮಾನ ಇಳಿದು, ಅಲ್ಲಿಂದಲೇ ಜೀಪು ಹತ್ತಿ ಹೊರಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಬಂದರು ನಗರದ ಹಳೆಯ ಭಾಗವನ್ನು ನೋಡಲು ಕಾಲಿಗೆ ಕಸುವು ಬೇಕೇ ಹೊರತು ಜೇಬಿಗಲ್ಲ.

ಲೆಕ್ಕ ಸುಲಭ: ಸಾವಿರ ರುಪಿಯಾ ಎಂದರೆ ನಮ್ಮ ಐದಾರು ರೂಪಾಯಿ. ಇಳಿದ ತಕ್ಷಣ ಸಿಗುವ 30 ದಿನಗಳ ವೀಸಾಕ್ಕೆ 5 ಲಕ್ಷ ರುಪಿಯಾ ಆಗುತ್ತದೆ. ನನ್ನ ಪ್ರವಾಸದಲ್ಲಿ ವಿಮಾನದ ಟಿಕೆಟ್ ಬಿಟ್ಟರೆ ಅದೇ ದೊಡ್ಡ ಖರ್ಚು. ಕೋಣೆಯನ್ನು ಗುಬೆಂಗ್ ರೈಲು ನಿಲ್ದಾಣದ ಆಸುಪಾಸಿನಲ್ಲಿ ಹಿಡಿಯಿರಿ. ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ. ಊರೊಳಗೆ ಓಡಾಡಲು ಕೆಂಪು ಬಣ್ಣದ ‘ಸುರೊಬೊಯೊ ಬಸ್’ ಇದೆ. 2018ರಲ್ಲಿ ಆರಂಭವಾದಾಗ ಇದರಲ್ಲಿ ಟಿಕೆಟ್‌ಗೆ ಬದಲಾಗಿ ಖಾಲಿ ಪ್ಲಾಸ್ಟಿಕ್ ಬಾಟಲಿ ಪಡೆಯುತ್ತಿದ್ದರು. ನಗದು ನಡೆಯದ ಕಾರಣ ಮೊದಲ ದಿನವೇ ಅಂಗಡಿಯಲ್ಲಿ ಪ್ರೀಪೇಯ್ಡ್ ಕಾರ್ಡ್ ಕೊಂಡು ಹಣ ತುಂಬಿಸಿಕೊಳ್ಳಿ.

ಬಿಸಿಲು ವಿಪರೀತ. ಬೆಳಿಗ್ಗೆ ಆರಕ್ಕೆಲ್ಲ ತುಗು ಪಹ್ಲವಾನ್ ಸ್ಮಾರಕದ ಬಳಿ ಇರಿ. ಅಲ್ಲಿಂದ ಉತ್ತರಕ್ಕೆ ನಡೆದರೆ ಜೆಂಬಾತನ್ ಮೆರಾ, ಅಂದರೆ ಕೆಂಪು ಸೇತುವೆ. ಇಲ್ಲಿ ನಾನು ಬಹಳ ಹೊತ್ತು ನಿಂತೆ. 1945ರ ಅಕ್ಟೋಬರ್ 30ರಂದು ಬ್ರಿಟಿಷ್ ಬ್ರಿಗೇಡಿಯರ್ ಮ್ಯಾಲಬಿ ಸತ್ತದ್ದು ಈ ಸೇತುವೆಯ ಹತ್ತಿರವೇ. ಆಗ ಪಕ್ಕದ ಇಂಟರ್ನಾಶಿಯೊ ಕಟ್ಟಡದಲ್ಲಿದ್ದ ಸೈನಿಕರು ಮರಾಠಾ ಲಘು ಪದಾತಿ ದಳದವರು. ಆ ದಳದ ಕೇಂದ್ರ ಇರುವುದು ನನ್ನ ಊರು ಬೆಳಗಾವಿಯಲ್ಲಿ. ಶಾಲೆಗೆ ಹೋಗುವಾಗ ದಿನವೂ ಅವರ ಕವಾಯತು ನೋಡುತ್ತಿದ್ದೆ. ತಮ್ಮದಲ್ಲದ ಯುದ್ಧಕ್ಕಾಗಿ ಇಷ್ಟು ದೂರ ಬಂದವರು, ಎದುರಿಗೆ ಸ್ವಾತಂತ್ರ್ಯಕ್ಕಾಗಿ ಪ್ರಾಣ ಕೊಡಲು ನಿಂತ ಊರಿನ ಹುಡುಗರು. ಆ ಸಾವಿನ ಬೆನ್ನಲ್ಲೇ ಬ್ರಿಟಿಷ್ ಪಡೆಗೂ ಊರಿನವರಿಗೂ ನಡೆದ ನವೆಂಬರ್ 10ರ ಮಹಾಕಾಳಗದ ನೆನಪಿಗೆ ಇಂಡೊನೇಷ್ಯಾದವರು ಇಂದಿಗೂ ವೀರರ ದಿನ ಆಚರಿಸುತ್ತಾರೆ.

ಮುಂದೆ ಅಂಪೆಲ್ ಎಂಬ ಅರಬರ ಕೇರಿ. ಸುನಾನ್ ಅಂಪೆಲ್ ಮಸೀದಿಯ ಸುತ್ತಲಿನ ಓಣಿಗಳಲ್ಲಿ ಖರ್ಜೂರ, ಅತ್ತರು, ಜಮಖಾನೆಗಳ ಅಂಗಡಿಗಳು. ಮೈ ಮುಚ್ಚುವ ಬಟ್ಟೆ ತೊಡಿ. ಹೆಂಗಸರು ತಲೆಗೆ ಒಂದು ದುಪಟ್ಟಾ ಇಟ್ಟುಕೊಳ್ಳಿ. ಶುಕ್ರವಾರ ಮಧ್ಯಾಹ್ನ ಮಾತ್ರ ಬೇಡ.

ಈಗ ಊಟದ ಮಾತು. ಸಸ್ಯಾಹಾರಿಗಳು ಈ ಭಾಗವನ್ನು ಗಮನವಿಟ್ಟು ಓದಬೇಕು. ಸುರಬಾಯಾದ ಅಡುಗೆಯ ಜೀವ ‘ಪೆತಿಸ್’. ಸಿಗಡಿಯನ್ನು ಕುದಿಸಿ ಕುದಿಸಿ ಇಳಿಸಿದ, ಕಾಕಂಬಿಯಂತೆ ಕಪ್ಪಗೆ ಹೊಳೆಯುವ ಗಟ್ಟಿ ರಸ ಅದು. ನಾನು ಮೊದಲ ರಾತ್ರಿ ತೋಫು ತಾನೇ ಎಂದು ನಂಬಿ ಒಂದು ಗಾಡಿಯಲ್ಲಿ ‘ತಾಹು ತೆಕ್’ ತಿಂದೆ. ಅರ್ಧ ತಟ್ಟೆ ಮುಗಿದ ಮೇಲೆ ವಿಷಯ ತಿಳಿಯಿತು. ಮರುದಿನ ಗಾಡಿಯ ಪಕ್ಕದಲ್ಲೇ ನಿಂತು ನೋಡಿದೆ. ಅಗಲವಾದ ಚಪ್ಪಟೆ ಕಲ್ಲಿನ ಮೇಲೆ ಬೆಳ್ಳುಳ್ಳಿ, ಮೆಣಸಿನಕಾಯಿ, ಕಡಲೆಕಾಯಿಗಳನ್ನು ಒಂದೊಂದು ತಟ್ಟೆಗೂ ಬೇರೆಯಾಗಿ ಅರೆಯುತ್ತಾರೆ. ಪೆತಿಸ್ ಬೀಳುವುದು ಆಗಲೇ. ಆಮೇಲೆ ಕರಿದ ತೋಫುವನ್ನು ಕತ್ತರಿಯಿಂದ ತೆಕ್ ತೆಕ್ ಎಂದು ಕತ್ತರಿಸುತ್ತಾರೆ, ಹೆಸರು ಬಂದದ್ದೇ ಆ ಸದ್ದಿನಿಂದ. ಹೀಗಾಗಿ ಅರೆಯುವ ಮೊದಲೇ “ತನ್ಪಾ ಪೆತಿಸ್, ತನ್ಪಾ ತೆಲುರ್” ಎಂದುಬಿಡಿ: ಪೆತಿಸ್ ಬೇಡ, ಮೊಟ್ಟೆ ಬೇಡ. ಅವರು ಬೇಸರಪಡುವುದಿಲ್ಲ. ಬೆಳಗಿನ ತಿಂಡಿಗೆ ‘ನಾಸಿ ಪೆಚೆಲ್’ ಕೇಳಿ: ಅನ್ನ, ಬೇಯಿಸಿದ ಸೊಪ್ಪು, ಕಡಲೆಕಾಯಿ ಗೊಜ್ಜು, ಮೇಲೆ ತೆಳ್ಳನೆಯ ನಿಪ್ಪಟ್ಟಿನಂಥ ಪೆಯೆಕ್. ಇಲ್ಲಿ “ತನ್ಪಾ ತೆರಾಸಿ” ಎನ್ನಿ, ಅದೂ ಸಿಗಡಿಯದೇ. ಬೀದಿಬದಿಯ ವಾರುಂಗ್ ಎಂಬ ಸಣ್ಣ ಊಟದಂಗಡಿಗಳಲ್ಲಿ ನಾನು ದಿನಕ್ಕೆ 60 ಸಾವಿರ ರುಪಿಯಾ ಮೀರದೆ ಹೊಟ್ಟೆ ತುಂಬಾ ಉಂಡೆ.

ಎರಡನೆಯ ದಿನ ಸಂಜೆ ತಂಜುಂಗ್ ಪೆರಾಕ್ ಬಂದರಿನ ಉಜುಂಗ್ ಕಟ್ಟೆಗೆ ಹೋಗಿ, ಮದುರಾ ದ್ವೀಪದ ಕಮಾಲ್‌ಗೆ ಹೋಗುವ ದೋಣಿ ಹತ್ತಿ. 2009ರಲ್ಲಿ ದ್ವೀಪಕ್ಕೆ ಸುರಮಾದು ಸೇತುವೆಯಾದ ಮೇಲೆ ದೋಣಿಗೆ ಜನ ಕಡಿಮೆ, ಟಿಕೆಟ್ ಕೆಲವೇ ಸಾವಿರ ರುಪಿಯಾ. ಹಡಗಿಗೆ ಇಲ್ಲಿ ‘ಕಪಾಲ್’ ಎನ್ನುತ್ತಾರೆ, ತಮಿಳಿನ ಕಪ್ಪಲ್ ಅದು. ಅರ್ಧ ಗಂಟೆ ಮೇಲಟ್ಟದಲ್ಲಿ ನಿಂತರೆ ಇಡೀ ಬಂದರು ಕಣ್ಣೆದುರು ಸರಿದುಹೋಗುತ್ತದೆ.

ಗುಬೆಂಗ್ ಏಕೆ ಎಂದರೆ, ಮೂರನೆಯ ದಿನ ಅಲ್ಲಿಂದಲೇ ಪ್ರೊಬೊಲಿಂಗೊಗೆ ಎಕಾನಮಿ ರೈಲು ಹಿಡಿಯಬಹುದು. ಬ್ರೋಮೊಗೆ ಹೋಗುವ ವ್ಯಾನುಗಳು ಅಲ್ಲಿ ಸಿಗುತ್ತವೆ. ಟಿಕೆಟ್ ಕೊಳ್ಳಲು ಪಾಸ್‌ಪೋರ್ಟ್ ಸಂಖ್ಯೆ ಬೇಕು, ಹತ್ತುವಾಗ ಪಾಸ್‌ಪೋರ್ಟನ್ನೇ ತೋರಿಸಬೇಕು. ಚೀಲದ ತಳದಲ್ಲಿ ಇಡಬೇಡಿ.