ನಾಲ್ಕೂವರೆ ಅಡಿ ಪಾರ್ಟಿಷನ್, ಒಂದು ಬೀಗ: ನೈಟ್ ಶೆಲ್ಟರ್ ಒಳಾಂಗಣದ ನನ್ನ ಅನುಭವ

ಮನೆಯಿಲ್ಲದವರು ರಾತ್ರಿ ಮಲಗೋ ನೈಟ್ ಶೆಲ್ಟರ್ ಹಾಲ್‌ಗೆ ಪಾರ್ಟಿಷನ್ ಹಾಕ್ತೀನಿ ಅಂದಾಗ ನಮ್ಮ ಒಳಾಂಗಣ ಕಸುಬಿನವರೇ ನಕ್ಕಿದ್ದರು. ಮಂಚ ಕಡಿಮೆಯಾಗುತ್ತೆ, ಮರೆಯಲ್ಲಿ ಗಲಾಟೆ ಜಾಸ್ತಿಯಾಗುತ್ತೆ ಅನ್ನೋದು ಎಲ್ಲರ ಮಾತು. ಈಗ ಅವರೇ ಫೋನ್ ಮಾಡಿ ಅಳತೆ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೈಕೊಟ್ಟಿದ್ದು ಪರದೆ. 2011ರ ಭೂಕಂಪದ ನಂತರ ಜಪಾನಿನಲ್ಲಿ ಶಿಗೆರು ಬಾನ್ ಎಂಬ ವಾಸ್ತುಶಿಲ್ಪಿ ನಿರಾಶ್ರಿತರ ಶಿಬಿರಗಳೊಳಗೆ ಕಾಗದದ ಕೊಳವೆ, ಬಟ್ಟೆಯ ಪರದೆ ಬಳಸಿ ಸುಮಾರು 1,800 ಗೂಡು ಕಟ್ಟಿಸಿದ್ದರು. ಅಲ್ಲಿ ಒಳಗಿದ್ದವರು ಕುಟುಂಬಗಳು. ನೈಟ್ ಶೆಲ್ಟರ್‌ನಲ್ಲಿ ದಿನಾ ಬೇರೆ ಮುಖ. ಪರದೆ ಆಚೆ ಯಾರು ನಿಂತಿದ್ದಾರೆ ಅಂತ ಗೊತ್ತಾಗದೆ ಜನ ಎದ್ದೇ ಕೂತಿರುತ್ತಿದ್ದರು. ಅದರ ಮೇಲೆ ಪರದೆ ಒಗೆಯೋ ಖರ್ಚು ಬೇರೆ. ಒಂದು ವರ್ಷ ಒಗೆಸಿದ ದುಡ್ಡಲ್ಲಿ ಅರ್ಧ ಹಾಲ್‌ಗೆ ಪ್ಯಾನೆಲ್ ಬರುತ್ತಿತ್ತು.

ಆಮೇಲೆ ಸೀಲಿಂಗ್‌ವರೆಗೆ ಪ್ಲೈವುಡ್ ಹಾಕಿ ಒಂದು ಮಾದರಿ ಕಟ್ಟಿದೆವು. ಗಾಳಿ ಇಲ್ಲ, ಬೆಳಕಿಲ್ಲ. ಪ್ರತಿ ಗೂಡಿಗೂ ಬೆಂಕಿ ಬಿದ್ದರೆ ನೀರು ಚಿಮ್ಮೋ ಬೇರೆ ಸ್ಪ್ರಿಂಕ್ಲರ್, ಬೇರೆ ಸ್ಮೋಕ್ ಡಿಟೆಕ್ಟರ್ ಬೇಕು ಅಂದಾಗ ಲೆಕ್ಕ ಹೆಚ್ಚುಕಮ್ಮಿ ಎರಡರಷ್ಟಾಯಿತು. ಬಿಚ್ಚಿಹಾಕಿದೆವು.

ಕೊನೆಗೆ ನಿಂತಿದ್ದು ನಾಲ್ಕೂವರೆ ಅಡಿ. ಒಂದೂವರೆ ಅಡಿ ಎತ್ತರದ ಮಂಚದ ಮೇಲೆ ಕೂತವರ ತಲೆ ಅದರ ಅಂಚಿನ ಹತ್ತಿರಕ್ಕೆ ಬರುತ್ತೆ. ಮಲಗಿದರೆ ಪೂರ್ತಿ ಮರೆ, ಎದ್ದು ನಿಂತರೆ ಹಾಲ್ ಇಡೀ ಕಾಣುತ್ತೆ. ಕಾವಲಿನವರಿಗೂ ಕಾಣುತ್ತೆ. ಬೆನ್ನಿಗೆ ಗೋಡೆ, ಕಣ್ಣೆದುರು ಬಾಗಿಲು, ಇಷ್ಟು ಸಿಕ್ಕಿದರೆ ಬೀದಿಯಲ್ಲಿ ಮಲಗಿ ಬಂದವರು ನಿದ್ದೆ ಮಾಡುತ್ತಾರೆ. ಮಂಚ ಆರರಲ್ಲಿ ಒಂದರಷ್ಟು ಕಡಿಮೆಯಾಯಿತು, ನಿಜ. ಆದರೆ ಮೊದಲು ಮೂರರಲ್ಲಿ ಒಂದು ಖಾಲಿ ಬಿದ್ದಿರುತ್ತಿತ್ತು, ಈಗ ಖಾಲಿ ಇರೋದೇ ಅಪರೂಪ. ಲೆಕ್ಕ ನೀವೇ ಹಾಕಿ.

ದುಡ್ಡು ಹೋಗಿದ್ದು ಪಾರ್ಟಿಷನ್‌ಗಲ್ಲ, ಮಂಚದ ಕೆಳಗಿನ ಪೆಟ್ಟಿಗೆಗೆ. ನೂರಕ್ಕೆ 35ರಷ್ಟು ಅದೇ ನುಂಗಿತು. ಜಗಳಗಳ ಮೂಲ ಹುಡುಕಿದರೆ ಬಹುಪಾಲು ಫೋನು, ಇಲ್ಲ ಚಪ್ಪಲಿ. ಹಾಗಾಗಿ ಚಾರ್ಜಿಂಗ್ ಪಾಯಿಂಟನ್ನೇ ಪೆಟ್ಟಿಗೆ ಒಳಗೆ ಇಟ್ಟೆ. ಹಿಂಬದಿಯಲ್ಲಿ ವೈರ್‌ಗೆ ಒಂದು ತೂತು, ಬಿಸಿ ಹೋಗಲು ಸಣ್ಣ ಜಾಲರಿ. ಫೋನ್ ಒಳಗಿಟ್ಟು, ಬೀಗ ಹಾಕಿ, ಕೀ ಕೈಗೆ ಕಟ್ಟಿಕೊಂಡು ಮಲಗಬಹುದು. ನಂಬರ್ ಬೀಗ ಬೇಡ, ನಡುರಾತ್ರಿ ಯಾರಿಗೂ ನೆನಪಾಗಲ್ಲ. ಕೀ ಕಳೆದರೆ ಪೆಟ್ಟಿಗೆಯ ಬಾಗಿಲು ಒಡೆಯದೆ ತೆಗೆಯೋ ಒಂದು ಉಪಾಯ ಇದೆ. ಅದು ಇಲ್ಲಿ ಬೇಡ. ಪ್ಯಾನೆಲ್ಲಿನ ಕಾಲು ನೆಲಕ್ಕೆ ತೂತು ಹೊಡೆಯದೆ ಹೇಗೆ ನಿಂತಿದೆ ಅನ್ನೋದೂ ಅಷ್ಟೇ, ಕೆಲಸ ಕೊಟ್ಟವರಿಗೆ ಹೇಳ್ತೀನಿ!

ತಿಗಣೆ ವಿಷಯದಲ್ಲಿ ಮಾತ್ರ ಖರ್ಚಿಗೆ ಕೈ ಬಿಗಿ ಹಿಡಿಯಬೇಡಿ. ಹಲಗೆಯ ಅಂಚಿಗೆ ಅಂಟಿಸೋ ಪಟ್ಟಿ, ಅಂದರೆ ಎಡ್ಜ್ ಬ್ಯಾಂಡ್, ಎಲ್ಲಿ ಎದ್ದಿತೋ ಅಲ್ಲೇ ಅವುಗಳ ಸಂಸಾರ. ಅಂಚಿಗೆ ಪಟ್ಟಿಯೇ ಬೇಡದ ಗಟ್ಟಿ ಹಲಗೆಯಾದ ಕಾಂಪ್ಯಾಕ್ಟ್ ಲ್ಯಾಮಿನೇಟ್ ಪ್ಯಾನೆಲ್, ಪೌಡರ್ ಕೋಟ್ ಮಾಡಿದ ಕಬ್ಬಿಣದ ಮಂಚ, ಪೈಪಿನ ಬಾಯಿಗಳಿಗೆಲ್ಲ ವೆಲ್ಡಿಂಗ್. ಗೋಡೆ ಬುಡಕ್ಕೆ ಹೊಡೆಯೋ ಸ್ಕರ್ಟಿಂಗ್ ಪಟ್ಟಿ ಬೇಡವೇ ಬೇಡ. ಬಟ್ಟೆಗೆ ಒಂದು ಬಿಸಿ ಡ್ರೈಯರ್ ಇಡಿ. 50 ಡಿಗ್ರಿ ದಾಟಿದ ಬಿಸಿಯಲ್ಲಿ ಅರ್ಧ ಗಂಟೆ ಸುತ್ತಿದರೆ ಮೊಟ್ಟೆಯೂ ಉಳಿಯಲ್ಲ.

ಲೈಟ್ ಜೊತೆ ಸುಮ್ನೆ ಆಟ ಆಡಿದ್ದೂ ಉಂಟು. ಮೋಷನ್ ಸೆನ್ಸರ್ ಹಾಕಿದೆವು. ಒಬ್ಬರು ಶೌಚಕ್ಕೆ ಎದ್ದರೆ ಇಡೀ ಹಾಲ್‌ಗೆ ಬೆಳಗಾಗುತ್ತಿತ್ತು. ಈಗ ಮೊಣಕಾಲಿಗಿಂತ ಕೆಳಗೆ, 2700 ಕೆಲ್ವಿನ್‌ನ, ಅಂದರೆ ಹಳದಿ ಛಾಯೆಯ, ಮಂದ ಲೈಟು, ರಾತ್ರಿಯಿಡೀ. ಗೋಡೆಗೆ ತಿಳಿಹಸಿರು ಬಳಿದರೆ ಮನಸ್ಸು ತಣ್ಣಗಾಗುತ್ತೆ ಅನ್ನೋರಿದ್ದಾರೆ. ಬಳಿದೆವು, ನನಗಂತೂ ಏನೂ ಕಾಣಲಿಲ್ಲ. ಮುಂದಿನ ಹಾಲ್‌ನಲ್ಲಿ ಆ ದುಡ್ಡಿಗೆ ಬಾಗಿಲು ಬಡಿಯದ ಹಾಗೆ ಡೋರ್ ಕ್ಲೋಸರ್, ಚೌಕಟ್ಟಿಗೆ ರಬ್ಬರ್ ಹಾಕಿಸಿದೆ. ಅದರ ಫಲ ಮೊದಲ ರಾತ್ರಿಯೇ ಸಿಕ್ಕಿತು.

ಇದೆಲ್ಲ ಮನೆ ಅಲ್ಲ, ಅದು ನನಗೂ ಗೊತ್ತು. ಫಿನ್‌ಲ್ಯಾಂಡಿನವರು 2008ರಿಂದ ಶೆಲ್ಟರ್‌ಗಳನ್ನೇ ಸಣ್ಣ ಸಣ್ಣ ಬಾಡಿಗೆ ಮನೆಗಳಾಗಿ ಬದಲಾಯಿಸುತ್ತಾ ಬಂದರು, ಬಾಡಿಗೆ ಕರಾರು ಅಲ್ಲಿ ವಾಸ ಮಾಡುವವರ ಹೆಸರಿಗೇ. ನಮ್ಮ ಶೆಲ್ಟರ್‌ನವರೂ ಈಗ ಮೇಲ್ಮಹಡಿಯನ್ನು ಒಬ್ಬರಿಗೊಂದು ಕೋಣೆ ಮಾಡೋಣ ಅನ್ನುತ್ತಿದ್ದಾರೆ. ಪ್ಯಾನೆಲ್, ಪೆಟ್ಟಿಗೆ ಮತ್ತೆ ಬಳಸಬಹುದು. ಪ್ರತಿ ಕೋಣೆಗೂ ನೀರು, ಡ್ರೈನೇಜ್ ಎಳೆಯೋ ಖರ್ಚಿನ ಬಗ್ಗೆ ಮಾತ್ರ ಇನ್ನೂ ಜಗ್ಗಾಟ ನಡೆದಿದೆ.