ನಾಲ್ಕು ಸಲ ವಾಪಸ್ ಕಳಿಸಿದರು

ಇದುವರೆಗೆ ಏಳು ಸಲ ರಕ್ತ ಕೊಟ್ಟಿದ್ದೇನೆ. ಕೊಡಲು ಹೋಗಿ ವಾಪಸ್ ಬಂದದ್ದು ನಾಲ್ಕು ಸಲ. ಕೊಟ್ಟ ಏಳು ಸಲದ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ. ಮಲಗಿದೆ, ಕೈಯಲ್ಲಿ ಚೆಂಡು ಒತ್ತಿದೆ, ಹತ್ತು ನಿಮಿಷದಲ್ಲಿ ಮುಗಿಯಿತು. ವಾಪಸ್ ಬಂದ ನಾಲ್ಕು ಸಲದಲ್ಲೇ ನಾನು ಕಲಿತದ್ದು.

ಮೊದಲನೆಯದು ಹದಿನೆಂಟು ತುಂಬಿದ ವಾರ. ದೊಡ್ಡವಳಾದೆ ಅನ್ನೋ ಹುಮ್ಮಸ್ಸಿನಲ್ಲಿ ಹೋಗಿದ್ದೆ. ತೂಕದ ಯಂತ್ರ 44 ಕೆಜಿ ತೋರಿಸಿತು. 'ಇನ್ನೊಂದು ಸ್ವಲ್ಪ ದಪ್ಪ ಆಗಿ ಬಾಮ್ಮ' ಅಂದರು ನರ್ಸ್. ಬೇಜಾರಾಯಿತು. ಕಾರಣ ಆಮೇಲೆ ತಿಳಿಯಿತು. ನಮ್ಮ ಮೈಯಲ್ಲಿ ಒಂದು ಕೆಜಿ ತೂಕಕ್ಕೆ ಸುಮಾರು 65ರಿಂದ 70 ಮಿಲಿ ರಕ್ತ ಇರುತ್ತದೆ. ನನ್ನಂಥವಳ ಮೈಯಲ್ಲಿ ಇದ್ದದ್ದೇ ಮೂರು ಲೀಟರ್. ಅದರಲ್ಲಿ 450 ಮಿಲಿ ತೆಗೆದರೆ ತಲೆ ಸುತ್ತಿ ಬೀಳೋದು ನಾನೇ. ಬಹಳ ಕಡೆ 50 ಕೆಜಿ ಕೇಳುತ್ತಾರೆ. ಕೆಲವು ದೇಶಗಳಲ್ಲಿ 45 ಕೆಜಿ ಇದ್ದರೆ 350 ಮಿಲಿ ಮಾತ್ರ ತೆಗೆದುಕೊಳ್ಳುತ್ತಾರೆ.

ಎರಡನೆಯ ಸಲ ತೂಕ ಸರಿಯಿತ್ತು, ಹಿಮೋಗ್ಲೋಬಿನ್ ಸಾಲದಾಗಿತ್ತು. ಅದು ರಕ್ತದಲ್ಲಿ ಆಮ್ಲಜನಕ ಹೊರುವ, ಕಬ್ಬಿಣ ಇರುವ ಕೆಂಪು ಅಂಶ. ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ನೀಲಿ ನೀರಿಗೆ ಬಿಟ್ಟರು. ಆ ನೀಲಿ ನೀರು ಮೈಲುತುತ್ತ ಕರಗಿಸಿದ್ದು. ಹಿಮೋಗ್ಲೋಬಿನ್ ಸಾಕಷ್ಟಿದ್ದರೆ ರಕ್ತ ಭಾರವಾಗಿದ್ದು ಹನಿ ಸರ್ರನೆ ತಳಕ್ಕೆ ಇಳಿಯುತ್ತದೆ. ನನ್ನ ಹನಿ ಸ್ವಲ್ಪ ಇಳಿದು, ಯೋಚನೆ ಮಾಡಿ, ಮೇಲಕ್ಕೇ ಬಂತು! ಈಗ ಎಷ್ಟೋ ಕಡೆ ಇದಕ್ಕೆ ಪುಟ್ಟ ಮೆಷಿನ್ ಬಂದಿದೆ, ಅಂಕಿಯನ್ನೇ ತೋರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 100 ಮಿಲಿ ರಕ್ತದಲ್ಲಿ ಹೆಂಗಸರಿಗೆ ಕನಿಷ್ಠ 12 ಗ್ರಾಂ, ಗಂಡಸರಿಗೆ 13 ಗ್ರಾಂ ಇರಬೇಕು ಅನ್ನುತ್ತದೆ. ಕೆಲವು ದೇಶಗಳಲ್ಲಿ ಇಬ್ಬರಿಗೂ 12.5. ಡಾಕ್ಟರ್ ಹತ್ತಿರ ಹೋಗಿ ಮೂರು ತಿಂಗಳು ಕಬ್ಬಿಣದ ಮಾತ್ರೆ ನುಂಗಿದೆ. ಮಾತ್ರೆಯ ಹಿಂದೆಯೇ ಟೀ ಕುಡಿಯಬೇಡಿ ಅಂತ ಅವರು ಹೇಳಿದ್ದರು. ಟೀ ಕಬ್ಬಿಣವನ್ನು ಮೈಗೆ ಸೇರೋಕೆ ಬಿಡೋದಿಲ್ಲವಂತೆ. ನಾನು ದಿನಾ ಮಾಡ್ತಿದ್ದದ್ದೇ ಅದು.

ಒಂದು ಸಲ ಕೊಟ್ಟರೆ ಮತ್ತೆ ಮೂರು ನಾಲ್ಕು ತಿಂಗಳು ಕಾಯಿರಿ ಅನ್ನೋದೂ ಈ ಕಬ್ಬಿಣದ ಲೆಕ್ಕವೇ. ರಕ್ತದ ನೀರಿನಂಶ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ. ಕೆಂಪು ಕಣಗಳಿಗೆ ಕೆಲವು ವಾರ ಬೇಕು. ಆದರೆ ಒಂದು ಚೀಲದ ಜೊತೆ ಹೋಗುವ 200ರಿಂದ 250 ಮಿಲಿಗ್ರಾಂ ಕಬ್ಬಿಣ ವಾಪಸ್ ಬರೋಕೆ ತಿಂಗಳುಗಳೇ ಹಿಡಿಯುತ್ತವೆ.

ಮೂರನೆಯದು ಹಲ್ಲಿನ ಕಥೆ. ದವಡೆ ಹಲ್ಲು ಕೀಳಿಸಿ ನಾಲ್ಕೇ ದಿನ ಆಗಿತ್ತು. ನೋವು ಹೋಗಿದೆ, ಇನ್ನೇನು ಅಂತ ಹೋದೆ. ಬಾಯಿಯ ಗಾಯದಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿರಬಹುದು, ನಿಮ್ಮ ಮೈ ಅದನ್ನು ತಡೆದುಕೊಳ್ಳುತ್ತದೆ, ರಕ್ತ ಪಡೆಯುವ ರೋಗಿಯ ಮೈ ತಡೆಯದೇ ಇರಬಹುದು ಅಂದರು. ಸುಮ್ನೆ ಹಲ್ಲು ಕ್ಲೀನ್ ಮಾಡಿಸಿದ್ದರೆ ಒಂದು ದಿನ ಸಾಕಂತೆ. ದೊಡ್ಡ ಕೆಲಸ ಮಾಡಿಸಿದ್ದರೆ ಒಂದು ತಿಂಗಳು.

ನಾಲ್ಕನೆಯದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅರ್ಜಿಯಲ್ಲಿ 'ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ?' ಅಂತ ಇತ್ತು. ಇಲ್ಲ ಅಂತ ಗುರುತು ಹಾಕಿದೆ. ಸುಳ್ಳು ಹೇಳಬೇಕು ಅಂತಲ್ಲ. ಔಷಧಿ ಅಂದರೆ ಕಾಯಿಲೆಯವರು ತಗೊಳ್ಳೋದು ಅಂತ ನನ್ನ ತಲೆಯಲ್ಲಿತ್ತು. ತೂಕ ಸರಿಯಿತ್ತು, ಹನಿ ಮುಳುಗಿತು, ಬಿಪಿ ಚೆನ್ನಾಗಿತ್ತು. ಕೊನೆಗೆ ಮಾತಾಡಿಸಿದ ಡಾಕ್ಟರ್ ನನ್ನ ಒಣಗಿ ಬಿರಿದ ತುಟಿ ನೋಡಿ, 'ಮೊಡವೆಗೆ ಏನಾದರೂ ಮಾತ್ರೆ ತಗೋತಿದ್ದೀರಾ?' ಅಂದರು. ಹೂಂ, ಐಸೋಟ್ರೆಟಿನಾಯಿನ್ ಕ್ಯಾಪ್ಸೂಲ್. ಅವರು ಪೆನ್ನು ಕೆಳಗಿಟ್ಟರು. ಅದು ರಕ್ತದಲ್ಲಿರುತ್ತದೆ. ಆ ರಕ್ತ ಒಬ್ಬ ಗರ್ಭಿಣಿಗೆ ಹೋದರೆ ಹೊಟ್ಟೆಯಲ್ಲಿರುವ ಮಗುವಿನ ಅಂಗಾಂಗಗಳೇ ಕೆಡಬಹುದು. ಕೊನೆಯ ಮಾತ್ರೆ ಆಗಿ ಒಂದು ತಿಂಗಳು ಕಳೆಯಲಿ ಅಂದರು. ಗಂಡಸರು ಕೂದಲು ಉದುರೋದಕ್ಕೆ ನುಂಗುವ ಫಿನಾಸ್ಟರೈಡ್‌ಗೂ ಇದೇ ಕಾರಣಕ್ಕೆ ಕಾಯಿಸುತ್ತಾರೆ. ಕೊಟ್ಟ ರಕ್ತಕ್ಕೆ ಮಾಡುವ ಯಾವ ಪರೀಕ್ಷೆಯೂ ಇದನ್ನು ಹಿಡಿಯುತ್ತಿರಲಿಲ್ಲ. ತುಟಿ ಹಿಡಿದುಕೊಟ್ಟಿತು, ಅಷ್ಟೇ.

ಆಮೇಲಿಂದ ಅರ್ಜಿಯ ಪ್ರಶ್ನೆಗಳ ಮೇಲೆ ನನಗೆ ಸಿಟ್ಟು ಬರೋದಿಲ್ಲ. ಸೂಜಿಯಿಂದ ಮಾದಕ ವಸ್ತು ತಗೊಂಡಿದ್ದೀರಾ, ಹೊಸ ಸಂಗಾತಿಯ ಜೊತೆ ಲೈಂಗಿಕ ಸಂಪರ್ಕ ಇತ್ತಾ ಅಂತ ಕೇಳಿದರೆ ಮುಜುಗರ ಆಗುತ್ತೆ, ನಿಜ. ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್ ಪರೀಕ್ಷೆ ಹೇಗೂ ಮಾಡ್ತಾರಲ್ವಾ ಅಂತ ಗೆಳತಿ ವಾದಿಸಿದಳು. ಮಾಡುತ್ತಾರೆ. ಆದರೆ ಸೋಂಕು ತಗುಲಿದ ಮೊದಲ ದಿನಗಳಲ್ಲಿ ಪರೀಕ್ಷೆಗೆ ಅದು ಕಾಣೋದೇ ಇಲ್ಲ. ಆ ಸಂದಿಯನ್ನು ಮುಚ್ಚೋದು ನಮ್ಮ ಉತ್ತರ ಮಾತ್ರ. ಹಾಗಾಗಿ 'ಒಂದು ಟೆಸ್ಟೂ ಆದ ಹಾಗಾಯ್ತು' ಅಂತ ರಕ್ತ ಕೊಡೋಕೆ ಹೋಗುವವರನ್ನು ಕಂಡರೆ ನನಗೆ ಭಯ. ಟೆಸ್ಟ್ ಬೇಕಿದ್ದರೆ ಲ್ಯಾಬಿಗೆ ಹೋಗಬೇಕು.

ಹಚ್ಚೆ ಹಾಕಿಸಿದರೆ ಬಹಳ ಕಡೆ ಆರು ತಿಂಗಳು, ಕೆಲವು ಕಡೆ ಒಂದು ವರ್ಷ ಕಾಯಬೇಕು. ಮಲೇರಿಯಾ ಇರುವ ಜಾಗಕ್ಕೆ ಹೋಗಿ ಬಂದರೂ ಕಾಯಿಸುತ್ತಾರೆ. ನೆಗಡಿ, ಗಂಟಲು ನೋವು, ಭೇದಿ ಇದ್ದರೆ ವಾಸಿಯಾದ ಮೇಲೆ ಹೋಗೋದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಬೇಡ. ಮುಟ್ಟಿನ ದಿನಗಳ ನಿಯಮ ಒಂದೊಂದು ಕಡೆ ಒಂದೊಂದು ಥರ, ಫೋನ್ ಮಾಡಿ ಕೇಳೋದೇ ಒಳ್ಳೆಯದು. ಇನ್ನು ಎಚ್‌ಐವಿ ಇರುವವರು, ಹೆಪಟೈಟಿಸ್ ಬಿ ಅಥವಾ ಸಿ ಇರುವವರು ಎಂದೂ ಕೊಡುವ ಹಾಗಿಲ್ಲ.

ಸುಮ್ಮನೆ ಹಿಂದೆ ಸರಿಯುವವರೂ ಇದ್ದಾರೆ. ನನ್ನ ಅಪ್ಪನಿಗೆ ಬಿಪಿ ಮಾತ್ರೆ ಇದೆ, ನಮ್ಮದು ಆಗೋದಿಲ್ಲ ಬಿಡು ಅಂತ ವರ್ಷಗಟ್ಟಲೆ ಕೂತಿದ್ದರು. ಕರೆದುಕೊಂಡು ಹೋದೆ. ಮಾತ್ರೆಯಲ್ಲಿ ಬಿಪಿ ಹತೋಟಿಯಲ್ಲಿದೆ, ಆಗಬಹುದು ಅಂದರು. ಅವತ್ತು ಅಪ್ಪ ಕೊಟ್ಟು ಎದ್ದರು, ಜೊತೆಗೆ ಹೋದ ನಾನು ಹಿಂದಿನ ಸಲ ಕೊಟ್ಟು ಇನ್ನೂ ಮೂರು ತಿಂಗಳು ಆಗಿರಲಿಲ್ಲ.

ಹೋದ ತಿಂಗಳು ಮತ್ತೆ ಹೋಗಿದ್ದೆ. ಔಷಧಿಯ ಪ್ರಶ್ನೆ ಬಂದಾಗ ಬ್ಯಾಗಿನಲ್ಲಿದ್ದ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿದೆ. ವಿಟಮಿನ್ ಮಾತ್ರೆ, ಅಲರ್ಜಿ ಮಾತ್ರೆ, ಅರ್ಧ ಮುಗಿದ ಪ್ಯಾರಾಸಿಟಮಾಲ್. ಡಾಕ್ಟರ್ ಒಂದೊಂದನ್ನೂ ತಿರುಗಿಸಿ ಓದಿದರು. ಆಮೇಲೆ ನಗುತ್ತಾ ಕೇಳಿದರು: 'ಎಡಗೈಯೋ, ಬಲಗೈಯೋ?'